ಫ್ರೀಜರಿಗೆ ಹೋದ ನನ್ನ ನೊಣಗಳು

ಆ ಫ್ರೀಜರಿನ ಬಾಗಿಲು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಣಿಪಾಲದ ಲ್ಯಾಬಿನಲ್ಲಿ ಎರಡು ವರ್ಷ ನಾನು ಹಣ್ಣುನೊಣಗಳನ್ನು ಸಾಕಿದೆ. ಅವುಗಳ ಒಂದು ಪ್ರೋಟೀನಿನಲ್ಲಿ ಅಮೈನೋ ಆಮ್ಲದ ಒಂದೇ ಒಂದು ಕೊಂಡಿ ಬದಲಾಗಿತ್ತು. ತಂದೆತಾಯಿ ಇಬ್ಬರಿಂದಲೂ ಆ ದೋಷ ಪಡೆದ ಮೊಟ್ಟೆಗಳಲ್ಲಿ, ಕೋಶಕೇಂದ್ರ ಎರಡಾದ ಮೇಲೆ ಸುತ್ತ ಕಟ್ಟಿಕೊಳ್ಳಬೇಕಾದ ಪೊರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಹುಟ್ಟುವ ಮೊದಲೇ ಸಾವು. ಒಬ್ಬರಿಂದ ಮಾತ್ರ ಪಡೆದವು ಬದುಕಿ ವಂಶ ನಡೆಸುತ್ತಿದ್ದವು. ನನ್ನ ಪಿಎಚ್‌ಡಿ ಪ್ರಬಂಧವೂ ಅವುಗಳ ಬೆನ್ನ ಮೇಲೆಯೇ.

ನೊಣಗಳಿಗೆ ಜೋಳದ ಹಿಟ್ಟು, ಬೆಲ್ಲ ಕುದಿಸುತ್ತಿದ್ದದ್ದು ಕಾಪುವಿನಿಂದ ಬರುವ ಸಹಾಯಕಿ; ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕೆಲಸ ಕಾಯಂ ಅಲ್ಲ. ನಾನು ಕಾರ್ಕಳ ಬಸ್ಸಿನ ಕಂಡಕ್ಟರನಂತೆ ಕೂಗಿದರೆ, ನನ್ನ ಗೈಡ್ ಸರ್ ಥರ ಕೆಮ್ಮಿದರೆ, "ಸಾಕು ಮಾರಾಯ" ಎಂದು ನಗುತ್ತಿದ್ದರು.

ಒಂದು ಶನಿವಾರ ಸರ್ ಮದುವೆಗೆಂದು ಹೆಬ್ರಿಗೆ ಹೋಗಿದ್ದರು; ಅಕ್ಕನಿಗೂ ಅದು ಗೊತ್ತಿದೆ ಎಂದುಕೊಂಡಿದ್ದೆ. ನಾನು ಪಕ್ಕದ ಕೋಣೆಯಿಂದ ಇಂಟರ್‌ಕಾಮಿನಲ್ಲಿ ಎರಡು ಸಲ ಕೆಮ್ಮಿ, "ಬೂಸ್ಟು ಬಂದ ಬಾಟಲಿ ಎಲ್ಲ ಫ್ರೀಜರಿಗೆ ಹಾಕಿ" ಎಂದೆ. ಕೆಟ್ಟ ಬಾಟಲಿಗಳನ್ನು ಎಸೆಯುವ ಮೊದಲು ನೊಣ ಸಾಯಲೆಂದು ಫ್ರೀಜರಿಗೆ ಹಾಕುವುದು ಲ್ಯಾಬಿನ ಪದ್ಧತಿ.

"ಆಯ್ತು ಸರ್."

ಅಕ್ಕನೂ ನಾಟಕ ಮಾಡುತ್ತಿದ್ದಾರೆಂದುಕೊಂಡು ಬಸ್ಸು ಹಿಡಿದೆ. ಸೋಮವಾರ ನೋಡಿದರೆ ನನ್ನ ನೊಣಗಳಿದ್ದ ಎರಡೇ ಎರಡು ಬಾಟಲಿಗಳೂ ಫ್ರೀಜರಿನಲ್ಲಿ; ಒಂದು ನೊಣವೂ ಉಳಿದಿರಲಿಲ್ಲ. ಮೂರು ವಾರದಿಂದ ನೊಣಗಳನ್ನು ಹೊಸ ಬಾಟಲಿಗೆ ದಾಟಿಸದೆ ಬೂಸ್ಟು ಹಿಡಿಸಿದ ಮಹಾನುಭಾವ ನಾನೇ.

ಸರ್ ಅಕ್ಕನ ಮೇಲೆ ಹರಿಹಾಯ್ದರು. "ಮಂಡೆ ಉಂಟಾ ನಿಮಗೆ? ನಾಳೆಯಿಂದ ಬರುವುದು ಬೇಡ!"

"ಫೋನಿನಲ್ಲಿ ನೀವೇ ಹೇಳಿದ್ದಲ್ವಾ ಸರ್?"

"ಸುಳ್ಳು ಬೇರೆ!"

ನನಗೆ ಎಲ್ಲರ ಮೇಲೂ ಸಿಟ್ಟು ಬಂತು: ಕೇಳಿಸಿಕೊಳ್ಳದ ಸರ್ ಮೇಲೆ, ಅಂದು ನಗದೆ ಹೋದ ಅಕ್ಕನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹಾಳು ಗಂಟಲಿನ ಮೇಲೆ.

"ಅದು ನಾನು ಸರ್."

"ಇವರನ್ನು ಉಳಿಸಲು ಎಂತ ಕಥೆ ಕಟ್ಟುತ್ತೀಯಾ? ಸುಮ್ಮನಿರು."

ಬೇರೆ ದಾರಿ ಇರಲಿಲ್ಲ. ಅವರ ಮುಖಕ್ಕೆ ಮುಖ ಕೊಟ್ಟು ಎರಡು ಸಲ ಕೆಮ್ಮಿದೆ. ಆ ವಾಕ್ಯವನ್ನು ಅವರದೇ ದನಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಸರ್ ಕೆಂಪಾದರು; ಕ್ಷಮೆ ಕೇಳದೆ ಬಾಗಿಲು ಬಡಿದು ಹೋದರು. ಅಕ್ಕ ನನ್ನತ್ತ ತಿರುಗಿದರು.

"ನಿನ್ನ ನೊಣ ಸತ್ತದ್ದು ಒಳ್ಳೆಯದೇ ಆಯಿತು. ನನ್ನ ಕೆಲಸ ನಿನಗೆ ಆಟವಾ?"

ನಾನು ಸತ್ತ ನೊಣಗಳ ಬಾಟಲಿಗಳನ್ನು ಎತ್ತಿಕೊಂಡು ತೊಳೆಯಲು ಹೋದೆ.

ಅಕ್ಕ ಕೆಲಸದಲ್ಲಿ ಉಳಿದರು. ಈಗ ಸರ್ ನಿಜವಾಗಿ ಫೋನು ಮಾಡಿದರೂ, "ಯಾರೇ ಇರಲಿ, ಎದುರಿಗೆ ಬಂದು ಹೇಳಿ" ಎಂದು ಇಟ್ಟುಬಿಡುತ್ತಾರೆ. ಸರ್ ಗೊಣಗುತ್ತಾ ಎರಡು ಮಹಡಿ ಇಳಿದು ಬರುತ್ತಾರೆ. ನಾನು ತಲೆಯೆತ್ತದೆ ಹೊಸ ನೊಣಗಳ ಬಾಟಲಿ ಬದಲಿಸುತ್ತಿರುತ್ತೇನೆ.