ಅತ್ತೆಯ ಮಳೆ ಪ್ಯಾಂಟು

ನಮ್ಮ ಅತ್ತೆಯ ಪಾದಗಳು ಬೇಸಿಗೆಯಲ್ಲೂ ಈಗಷ್ಟೇ ನೀರಿನಿಂದ ಎತ್ತಿದ ಹಾಗೆ ಬೆಳ್ಳಗೆ, ಸುಕ್ಕುಸುಕ್ಕಾಗಿ ಇರುತ್ತಿದ್ದವು. ಮದುವೆಯಾಗಿ ಬಂದ ದಿನ ನಮಸ್ಕಾರಕ್ಕೆ ಬಗ್ಗಿದಾಗ ನಾನು ಅವರ ಮುಖಕ್ಕಿಂತ ಮೊದಲು ಕಂಡದ್ದು ಆ ಕಾಲನ್ನೇ. ಮುಟ್ಟಿದರೆ ಬಾವಿಯ ಕಲ್ಲು ಮುಟ್ಟಿದಷ್ಟು ತಂಪು. ನಾನು ಕೊಡಂಗಲ್ ಕಡೆಯ ಒಣ ಭೂಮಿಯವಳು. ಒಡೆದ ಹಿಮ್ಮಡಿ ಕಂಡಿದ್ದೆ, ಇಂಥ ಕಾಲು ಕಂಡಿರಲಿಲ್ಲ.

ನಮ್ಮೂರು ನಾರಾಯಣಖೇಡದ ಕೆಳಗೆ, ಮಂಜೀರಾ ಹಿನ್ನೀರಿನ ಅಂಚಿಗಿದೆ. ಹಳೇ ಊರು ನೀರಿನ ಕೆಳಗಿದೆ. ಆ ಊರಿಗೆ ಹೋಗುತ್ತಿದ್ದ ರಸ್ತೆ ಈಗಲೂ ಇದೆ. ನಮ್ಮ ಮನೆ ಮುಂದಿನಿಂದ ಹೊರಟು, ಅಲ್ಲೇನೋ ಕೆಲಸವಿದೆ ಎಂಬಂತೆ ನೆಟ್ಟಗೆ ನೀರಿನೊಳಗೆ ಇಳಿದುಹೋಗುತ್ತದೆ. ಅತ್ತೆ ಗಾಳ ಹಾಕಿಕೊಂಡು ಕೂರುತ್ತಿದ್ದದ್ದು ಆ ರಸ್ತೆ ಮುಳುಗುವ ಜಾಗದಲ್ಲಿ. ಕಚ್ಚೆ ಸೀರೆ, ಬಿದಿರಿನ ಕೋಲು, ತಗಡಿನ ಡಬ್ಬಿಯಲ್ಲಿ ಎರೆಹುಳು. ಮೊದಲು ಸಿಕ್ಕ ಮೀನಿನ ಬಾಯಿಂದ ಗಾಳ ಬಿಡಿಸಿ ವಾಪಸು ಬಿಡುತ್ತಿದ್ದರು. "ಇದು ಕೆಳಗಿನವರದ್ದು," ಅನ್ನುತ್ತಿದ್ದರು. ಎಡಗಡೆಗೆ ಮಾತ್ರ ಎಂದೂ ಗಾಳ ಎಸೆಯುತ್ತಿರಲಿಲ್ಲ. ಅಲ್ಲಿ ಕೆಳಗೆ ಹಳೇ ಊರಿನ ಸುಡುಗಾಡಿದೆ. ಅವರ ಚೊಚ್ಚಲ ಮಗಳನ್ನು, ಇನ್ನೂ ಹೆಸರಿಡದ ಕೂಸನ್ನು, ಅಲ್ಲೇ ಮಣ್ಣು ಮಾಡಿದ್ದರು. ಆಮೇಲೆ ನೀರು ಬಂತು.

ನಾನು ಬಾಣಂತಿಯಾದಾಗ ಎದೆಯಲ್ಲಿ ಹಾಲಿರಲಿಲ್ಲ. ಅತ್ತೆ ದಿನಾ ದಂಡೆಯಲ್ಲಿ ಕೂತು ಮೀನು ತಂದು ಮೆಣಸಿನ ಸಾರು ಮಾಡಿ ಕುಡಿಸಿದರು. ಗಂಗಮ್ಮ ತಾಯಿಯ ದಯೆ, ಮಗುವಿಗೆ ಹೊಟ್ಟೆ ತುಂಬಿತು. ಆದ್ದರಿಂದ ಅವರು ನೀರಿನ ಹತ್ತಿರ ಕೂತು ಒಬ್ಬರೇ ಮಾತಾಡುತ್ತಾರೆಂದು ಊರವರು ನಕ್ಕರೂ ನಾನು ನಗಲಿಲ್ಲ.

ಒಂದು ಮಳೆಗಾಲದಲ್ಲಿ ಅವರ ಎದೆಗೆ ಕಫ ಕಟ್ಟಿತು. ಉಸಿರು ಎಳೆದರೆ ಒಳಗೆ ನೀರು ಕುಲುಕಿದ ಹಾಗೆ ಸದ್ದು. ನಾರಾಯಣಖೇಡದ ಡಾಕ್ಟರು ಸೂಜಿ, ಗುಳಿಗೆ ಕೊಟ್ಟು, ಇನ್ನೊಮ್ಮೆ ಎದೆ ತೊಯ್ದರೆ ಉಳಿಸುವುದು ಕಷ್ಟ ಎಂದು ನೆಟ್ಟಗೇ ಹೇಳಿದರು. ನಮ್ಮ ಮನೆಯವರು ಗಾಳದ ಕೋಲನ್ನು ಅಟ್ಟದ ಮೇಲೆ ಇಟ್ಟರು. ಅತ್ತೆ ಕೋಲಿಲ್ಲದೆಯೇ ಹೋಗಿ ಮಳೆಯಲ್ಲಿ ಕೂತರು.

"ಅವ್ವಾ, ಸಾಯಬೇಕಂತ ಮಾಡೀಯೇನು?" ಅಂತ ಇವರು ಕೂಗಾಡಿದರು.

"ಸಾಯೋದಕ್ಕ ದಂಡೀತನ ಯಾಕ ಹೋಗಬೇಕಪ್ಪ? ನಿನ್ನ ಹೇಣ್ತಿ ಮಾಡಿದ ಬ್ಯಾಳಿ ಉಂಡ್ರ ಸಾಕು."

ಅವರನ್ನು ಕಟ್ಟಿಹಾಕಲು ಆಗದು. ಎದೆ ಒಣಗಿರುವ ಹಾಗೆ ನೋಡಿಕೊಳ್ಳಬಹುದು. ಹಾಗೆಂದು ನಾನೇ ಅವರನ್ನು ಜಹೀರಾಬಾದಿಗೆ ಕರೆದುಕೊಂಡು ಹೋದೆ. ತಾಡಪತ್ರಿ, ಹಗ್ಗ, ರೇನ್‌ಕೋಟು ಮಾರುವ ಅಂಗಡಿ. ಅಂಗಡಿಯ ಸಾಹೇಬರು ಎರಡು ಬಗೆ ತೆಗೆದರು. ಒಂದು ಸೊಂಟಕ್ಕೆ ಲಾಡಿ ಕಟ್ಟುವ ಸಾದಾ ಮಳೆ ಪ್ಯಾಂಟು. ಇನ್ನೊಂದು ಕೆಳಗೆ ರಬ್ಬರ್ ಬೂಟು ಅಂಟಿಕೊಂಡು, ಎದೆಯವರೆಗೂ ಬಂದು ಹೆಗಲ ಮೇಲೆ ಪಟ್ಟಿ ಹಾಕಿಕೊಳ್ಳುವಂಥದ್ದು, ಕಡುಹಸಿರು.

ಅತ್ತೆ ಕಚ್ಚೆ ಸೀರೆಯ ಮೇಲೇ ಸಾದಾ ಪ್ಯಾಂಟು ಏರಿಸಿ ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕೂತರು. "ಕುಂತ್ರ ಹಿಂದ ಬಾಯಿ ತಗೀತದ. ಬೆನ್ನಿನ ನೀರೆಲ್ಲ ಒಳಗೇ ಹೋಗ್ತದ. ಮತ್ತ ಚರಚರ ಅಂತದ, ಮೀನ ಓಡಿ ಹೋಗ್ತಾವ."

"ಹಂಗಾರ ಎದಿತನ ಬರೋದು ತಗೋರಿ ಆಯಿ," ಅಂದರು ಸಾಹೇಬರು. "ಆದ್ರ ಹೊರಕಡಿಗಿ ಹೋಗಬೇಕಾದ್ರ ಬಿಚ್ಚಾಕ ಜರಾ ತ್ರಾಸ್ ಅದ."

"ನೀರು ಸೋರ್ತದೇನು?"

"ಒಂದು ಹನಿನೂ ಇಲ್ರಿ."

ಅತ್ತೆ ಮೂಲೆಯ ನೀರಿನ ಕೊಡ ಎತ್ತಿ ಪ್ಯಾಂಟಿನೊಳಗೆ ಬಗ್ಗಿಸಿಯೇಬಿಟ್ಟರು. ಸಾಹೇಬರು ಬಾಯಿ ಬಾಯಿ ಬಡಿದುಕೊಂಡರು. "ಆಯಿ! ಮಾಲ್ ಖರಾಬ್ ಆಗ್ತದ್ರೀ!"

"ನೀರಿಗಿ ಹೆದರೋದು ಮಳಿ ಪ್ಯಾಂಟ್ ಹೆಂಗಾತೋ ಬೇಟಾ?"

ಒಂದು ಹನಿಯೂ ಸೋರಲಿಲ್ಲ. ಆದರೆ ಪಟ್ಟಿ ಹಿಡಿದು ಎತ್ತಿದಾಗ ಆ ಎರಡು ಕಾಲು ನೀರಿನ ಭಾರಕ್ಕೆ ಉಬ್ಬಿ, ಯಾರೋ ಒಳಗೆ ನಿಂತಿರುವ ಹಾಗೆ ಕಂಡವು. ನಾನು ಕಣ್ಣು ತಪ್ಪಿಸಿದೆ. ನಮಗೆ ಬೇಕಾದದ್ದು ಎದೆ ಮುಚ್ಚುವುದು. ಅದನ್ನೇ ಕಟ್ಟಿಸಿಕೊಂಡು ಬಂದೆವು.

ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಷಿಣ ಹಚ್ಚದೆ ಮೈಮೇಲೆ ಹಾಕುವುದಿಲ್ಲ. ದೇವರ ಮುಂದಿಟ್ಟು ನಾನು ಬೊಟ್ಟಿಟ್ಟೆ. ರಬ್ಬರಿನ ಮೇಲೆ ಅರಿಷಿಣ ಹಿಡಿಯಲಿಲ್ಲ, ಹನಿಯಾಗಿ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಅತ್ತೆಯ ಮುಖ ಬಾಡಿತು. "ಅರಿಷಿಣ ಒಲ್ಲೆ ಅಂದಿದ್ದು ಬದುಕಿದವರ ಅರಿವಿ ಅಲ್ಲ," ಅಂದರು. ನಾನು ಬೇಡವೆಂದರೂ ಕೇಳದೆ, ಅರಿಷಿಣದಲ್ಲಿ ಅದ್ದಿದ ಬಟ್ಟೆಯ ಚೂರನ್ನು ದಬ್ಬಣ ತಗೊಂಡು ಪ್ಯಾಂಟಿನ ಎದೆಯ ಮೇಲೆಯೇ ಹೊಲಿದರು. ತೂತು ಬಿದ್ದರೆ ನೀರು ಬರುತ್ತದಲ್ಲ ಅತ್ತೀ ಅಂದರೆ, "ಬರಲಿ, ತಾಯಿ ಇರ್ತಾಳ ಅಲ್ಲಿ" ಎಂದರು.

ಶ್ರಾವಣದ ಒಂದು ಮಧ್ಯಾಹ್ನ. ಬೆಳಗಿನಿಂದ ಮಳೆ ನಿಂತಿರಲಿಲ್ಲ. ಊಟದ ಹೊತ್ತು ಮೀರಿದರೂ ಅತ್ತೆ ಬರಲಿಲ್ಲ. ಕೊಡೆ ಹಿಡಿದು ರಸ್ತೆಗುಂಟ ಇಳಿದೆ. ಹಗಲಾದರೂ ಮಬ್ಬು. ನೀರು ರಸ್ತೆಯ ಮೇಲೆ ಎಂದಿಗಿಂತ ಬಹಳ ಮುಂದೆ ಬಂದಿತ್ತು.

ಅತ್ತೆ ನೀರಿನೊಳಗೆ ನಿಂತಿದ್ದರು. ಸೊಂಟದ ಮಟ್ಟ ನೀರು, ನನಗೆ ಬೆನ್ನು. ಆ ಹಸಿರು ಪ್ಯಾಂಟು, ಹೆಗಲ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ತಲೆ ಕಾಣಲಿಲ್ಲ, ಬಗ್ಗಿ ಏನೋ ನೋಡುತ್ತಿದ್ದಾರೆ ಅಂದುಕೊಂಡೆ. "ಅತ್ತೀ!" ಅಂದೆ. ತಿರುಗಲಿಲ್ಲ. ಸಾವಕಾಶವಾಗಿ ಒಂದು ಹೆಜ್ಜೆ ಮುಂದೆ ಹೋದರು. ಮತ್ತೊಂದು. ಹಳೇ ರಸ್ತೆಯ ಮೇಲೆಯೇ, ಇಳಿಜಾರಿಗೆ. ನಾನು ಕೊಡೆ ಬಿಸಾಕಿ, "ಅತ್ತೀ, ನಿಲ್ರೀ!" ಎಂದು ಕೂಗುತ್ತ ನೀರಿಗೆ ಕಾಲಿಟ್ಟೆ.

ಹಿಂದಿನಿಂದ ಒಂದು ತಣ್ಣನೆಯ ಕೈ ನನ್ನ ರಟ್ಟೆ ಹಿಡಿಯಿತು.

"ಯಾರನ್ನ ಕರಿಯಾಕತ್ತೀ?"

ಅತ್ತೆ. ಬರೀ ಸೀರೆಯಲ್ಲಿ, ತಲೆಯ ಮೇಲೆ ಗೋಣಿ ಹೊದ್ದು ನಿಂತಿದ್ದರು. ಆಮೇಲೆ ಅವರೇ ಹೇಳಿದರು: ದಬ್ಬಣದ ತೂತಿನಿಂದ ನೀರು ಬಂದು ಕುಪ್ಪಸ ಹಸಿಯಾಯಿತಂತೆ. ಡಾಕ್ಟರ ಮಾತು ನೆನಪಾಗಿ ಪ್ಯಾಂಟು ಬಿಚ್ಚಿ, ನೀರಂಚಿನ ಜಾಲಿಗಂಟಿಗೆ ತೂಗುಹಾಕಿ, ಮೇಲಿರುವ ಗಂಗಮ್ಮನ ಗುಡಿಯ ಸೂರಿನಡಿ ಕೂತಿದ್ದರಂತೆ. ಅಷ್ಟರಲ್ಲಿ ನೀರೇರಿ ಜಾಲಿಗಂಟಿ ಮುಳುಗಿದೆ. ಪ್ಯಾಂಟಿನ ಕಾಲುಗಳಿಗೆ ನೀರು, ಎದೆಗೆ ಗಾಳಿ ತುಂಬಿದೆ.

ತುಂಬಿದ್ದಕ್ಕೆ ಅದು ಎದ್ದು ನಿಂತಿತ್ತು. ಸೆಳವಿಗೆ ನಡೆಯುತ್ತಿತ್ತು. ಇಷ್ಟು ನನಗೂ ತಿಳಿಯುತ್ತದೆ. ಆದರೆ ಅದು ರಸ್ತೆಗುಂಟ ಹೋಗಿ ಕೊನೆಗೆ ಎಡಕ್ಕೆ ಹೊರಳಿದ್ದು ಯಾಕೆ ಎಂದು ಇವತ್ತಿಗೂ ತಿಳಿದಿಲ್ಲ. ಎದೆ, ಹೆಗಲು, ಪಟ್ಟಿ ಒಂದೊಂದಾಗಿ ಮುಳುಗಿದವು.

ನಾನು ಅಳುತ್ತಿದ್ದೆ. ಅತ್ತೆ ಒಳಗಿದ್ದು ಕಾಲು ಜಾರಿದ್ದರೆ ಅದೇ ಅವರನ್ನು ಹೊತ್ತುಕೊಂಡು ಹೋಗುತ್ತಿತ್ತು. ಆ ತೂತುಗಳನ್ನು ಹಾಕಿಸಿದ ದೇವರಿಗೆ ಅಲ್ಲೇ ಕೈಮುಗಿದೆ. ಅತ್ತೆ ಮಾತ್ರ ನೀರನ್ನೇ ನೋಡುತ್ತ, "ಹೋಗಲಿ ಬಿಡು. ಅದಕ್ಕೂ ಮಳಿ ಆಗ್ತದ," ಅಂದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮುಂದಿನ ಸಂತೆಗೆ ಮತ್ತೆ ಅದೇ ಅಂಗಡಿ. ಈ ಸಲ ಸಾದಾ ಪ್ಯಾಂಟು, ಮೇಲೆ ಬೇರೆ ಮಳೆ ಅಂಗಿ. ಜಾರಿದರೆ ಲಾಡಿ ಎಳೆದು ಕಳಚಿಕೊಳ್ಳಬಹುದು. ಲಾಡಿ ನೂಲಿನದು, ಅರಿಷಿಣವೂ ಹಿಡಿಯಿತು.

"ಮೊದಲಿಂದು ಏನಾತ್ರಿ ಆಯಿ?" ಸಾಹೇಬರು ಕೇಳಿದರು.

"ನನ್ನ ಮಗಳು ಹಾಕ್ಕೊಂಡು ಹೋದಳು."

"ಸೈಜ್ ಸರಿ ಆತೇನ್ರಿ ಆಕಿಗಿ?"

"ಈಗ ಬೆಳದಿರಬೇಕು," ಅಂದರು ಅತ್ತೆ, ಅಂಗಿಯ ಗುಂಡಿ ಹಾಕಿ ನೋಡುತ್ತ. ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಎಷ್ಟೋ ಮಳೆಗಾಲ ಅವರು ಒಣ ಎದೆಯಲ್ಲಿ ದಂಡೆಯ ಮೇಲೆ ಕೂತರು. ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ, ಒಣ ಹಾಸಿಗೆಯ ಮೇಲೆ, ಮಗ ಮೊಮ್ಮಕ್ಕಳ ನಡುವೆ. ಉಸಿರಿನಲ್ಲಿ ಆ ನೀರಿನ ಸದ್ದಿರಲಿಲ್ಲ. ಇಷ್ಟು ಕೊಟ್ಟದ್ದಕ್ಕೆ ತಾಯಿಗೆ ದಿನಾ ದೀಪ ಹಚ್ಚುತ್ತೇನೆ.

ಹೋಗುವ ಮುಂಚಿನ ದಿನ ನನ್ನನ್ನು ಹತ್ತಿರ ಕರೆದರು. "ಸೊಸಿ, ನೀರಿನ ಕಡಿಂದ ಕರೀತಾರ. ಓ ಅನಬ್ಯಾಡ."

"ಯಾರು ಕರೀತಾರ ಅತ್ತೀ?"

"ನನ್ನ ಕೂಸು ಮಳಿ ಬಂದಾಗೊಮ್ಮೆ ಅವ್ವಾ ಅಂತಿತ್ತು. ಹೆಸರಿಲ್ಲದ ಕೂಸು, ಮಾತು ಎಲ್ಲಿ ಕಲೀತೋ. ಹತ್ರ ಕುಂದುರ್ತಿದ್ದೆ, ಒಂದು ಸಲನೂ ಓ ಅನಲಿಲ್ಲ. ಅಂದಿದ್ರ ನಿನ್ನ ಗಂಡನ್ನ ಯಾರು ಬೆಳಸ್ತಿದ್ರು?" ದಣಿವಾರಿಸಿಕೊಂಡು ನನ್ನ ಕೈ ಒತ್ತಿದರು. "ನಾಳಿಗಿ ನಾನೇ ಕರದ್ರೂ ಅನಬ್ಯಾಡ. ನನ್ನ ಮ್ಯಾಲ ಆಣಿ ಅದ."

ಈ ಮಳೆಗಾಲ ಶುರುವಾಗಿದೆ. ಮಧ್ಯಾಹ್ನ ರೊಟ್ಟಿ ಬಡಿಯುವಾಗ, ಮಳೆ ಜೋರಾದರೆ, ರಸ್ತೆಯ ಕೆಳಗಿನಿಂದ "ಸೊಸಿ" ಎಂದು ಕೇಳುತ್ತದೆ. ಅವರದೇ ದನಿ, ಮೀನು ಹೆಚ್ಚು ಸಿಕ್ಕ ದಿನ ಬುಟ್ಟಿ ಹಿಡಿಯಲು ಕರೆಯುತ್ತಿದ್ದ ದನಿ. ಓ ಎಂಬುದು ಗಂಟಲಿಗೆ ಬಂದಿರುತ್ತದೆ. ತುಟಿ ಬಿಗಿಹಿಡಿದು ರೊಟ್ಟಿ ಬಡಿಯುತ್ತೇನೆ. ನನ್ನ ಮಕ್ಕಳು ಉಣ್ಣಲು ಕೂತಿರುತ್ತಾರೆ.