ಚಿಕ್ಕಮುನಿಯಮ್ಮನ ಮುದ್ದೆ ಯಂತ್ರ

ಚಿಕ್ಕಮುನಿಯಮ್ಮ ದಿನಾ ಇನ್ನೂರೈವತ್ತು ಜನಕ್ಕೆ ಮುದ್ದೆ ಮಾಡುತ್ತಿದ್ದಳು. ಪೀಣ್ಯದಲ್ಲಿ ಪಂಪುಗಳಿಗೆ ಎರಕ ಹೊಯ್ಯುವ ಒಂದು ಫೌಂಡ್ರಿ. ನಾನು ಅಲ್ಲಿ ಸ್ಟೋರ್ ಕೀಪರ್, ಅವಳು ಕ್ಯಾಂಟೀನಿನಲ್ಲಿ ಅಡುಗೆಯವಳು. ಅವಳ ಊರು ಮಗ್ಗುಲಲ್ಲೇ ಇದ್ದ ಚೊಕ್ಕಸಂದ್ರ. ಗಂಡನ ಮನೆಯ ರಾಗಿ ಹೊಲ ಕಾರ್ಖಾನೆಗಳ ರಸ್ತೆಗೆ ಹೋದ ಮೇಲೆ ಅದೇ ರಸ್ತೆಯಲ್ಲಿ ನಡೆದು ಕೆಲಸಕ್ಕೆ ಬರುತ್ತಿದ್ದಳು. ಇದು ಎಂಬತ್ತೊಂದನೇ ಇಸವಿಯ ಮಾತು. ಆಗ ಅವಳಿಗೆ ನಲವತ್ತರ ಆಸುಪಾಸು.

ಸೌದೆ ಒಲೆಗಳ ಮೇಲೆ ಮೂರು ಹಂಡೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಒಬ್ಬಳು ಕವೆಗೋಲಿನಿಂದ ಹಂಡೆಯನ್ನು ಅದುಮಿ ಹಿಡಿದರೆ ಇನ್ನೊಬ್ಬಳು ಆಳುದ್ದದ ಕೋಲಿನಿಂದ ತೊಳಸಬೇಕು. ಆ ಇನ್ನೊಬ್ಬಳು ಯಾವಾಗಲೂ ಚಿಕ್ಕಮುನಿಯಮ್ಮನೇ. ಬೇರೆಯವರು ತೊಳಸಿದರೆ ಗಂಟು ಉಳಿಯುತ್ತಿತ್ತು, ಕೆಲಸಗಾರರು ತಟ್ಟೆ ಬಡಿಯುತ್ತಿದ್ದರು. ಹನ್ನೊಂದು ವರ್ಷ ತೊಳಸಿ ತೊಳಸಿ ಅವಳ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಮಗಳನ್ನು ಕರೆಯಬೇಕಾಗಿತ್ತು.

ಒಂದು ದಿನ ಶೆಡ್ಡಿಗೆ ಟೀ ಕೊಡಲು ಹೋದವಳು ಎರಕದ ಅಚ್ಚಿಗೆ ಮರಳು ಕಲಸುವ ಯಂತ್ರದ ಮುಂದೆ ನಿಂತುಬಿಟ್ಟಳು. ದುಂಡನೆಯ ತೊಟ್ಟಿ, ಒಳಗೆ ತಿರುಗುವ ಎರಡು ರೆಕ್ಕೆ. ಟೀ ಆರಿಹೋಯಿತೆಂದು ಯಾರೋ ಬೈದರು. ಅವಳು ನೇರವಾಗಿ ನರಸಪ್ಪನ ಹತ್ತಿರ ಹೋದಳು. ಎರಕ ಹೊಯ್ಯುವ ಮುಂಚೆ ಪ್ರತಿಯೊಂದು ಭಾಗವನ್ನೂ ಮರದಲ್ಲಿ ಕೆತ್ತಿ ಕೊಡುವ ಬಡಗಿ ಅವನು.

“ನರಸಪ್ಪಣ್ಣ, ಮರಳಿಗೆ ಮಿಸಿನ್ನೈತೆ. ಮುದ್ದೆಗೆ ಯಾಕಿಲ್ಲ?”

ನರಸಪ್ಪ ನಗಲಿಲ್ಲ. “ಮರಳು ಅಂಟಲ್ಲ ಕಣಮ್ಮ, ಇಟ್ಟು ಅಂಟುತ್ತೆ” ಎಂದ. ಆಮೇಲೆ ಕಿವಿಯಿಂದ ಪೆನ್ಸಿಲ್ ತೆಗೆದು ಹಲಗೆಯ ಚೂರಿನ ಮೇಲೆ ಗೀಚತೊಡಗಿದ.

ಎರಡು ತಿಂಗಳು ಅವರಿಬ್ಬರೂ ಸಂಜೆ ಕೆಲಸ ಮುಗಿದ ಮೇಲಿನ ಹೊತ್ತನ್ನೆಲ್ಲ ಅದಕ್ಕೇ ಸುರಿದರು. ಒಂದು ಅಲ್ಯುಮಿನಿಯಂ ಪಾತ್ರೆ, ತೇಗದ ರೆಕ್ಕೆ, ತಿರುವಲು ಒಂದು ಹಿಡಿ. ಮೊದಲ ಸಲ ಹಿಟ್ಟೆಲ್ಲ ನಡುವಿನ ಕೋಲಿಗೆ ಹತ್ತಿಕೊಂಡು ಅದರ ಜೊತೆಗೇ ಸುತ್ತಿತು. ರೆಕ್ಕೆ ಓರೆ ಮಾಡಿದ ಮೇಲೆ ತಳದಲ್ಲಿ ಹಸಿ ಹಿಟ್ಟು ಉಳಿಯಿತು. ಕೊನೆಗೆ ದಾರಿ ಹೇಳಿದವಳು ಚಿಕ್ಕಮುನಿಯಮ್ಮನೇ. “ಅಂಡೆ ಅಲುಗಬಾರ್ದು ಅಂತ ಕವೆಗೋಲು ಆಕ್ತೀವಲ್ಲ, ಅಂಗೇ ಇಟ್ಟೂ ಓಡಬಾರ್ದು. ಪಕ್ಕದಾಗೆ ಅಡ್ಡ ಒಂದು ಪಟ್ಟಿ ಕೊಡಣ್ಣ.” ನರಸಪ್ಪ ಪಾತ್ರೆಯ ಗೋಡೆಗೆ ಎರಡು ಪಟ್ಟಿ ಕೊಟ್ಟ. ಆ ದಿನ ಸ್ಟೋರಿನಿಂದ ನನ್ನನ್ನೂ ಕರೆದರು. ಅವಳು ಮುದ್ದೆ ಕಟ್ಟಿ ನನ್ನ ಮುಂದೆ ಹೆಬ್ಬೆರಳಿನಿಂದ ಮುರಿದಳು. ಒಳಗೆ ಒಂದು ಗಂಟೂ ಇರಲಿಲ್ಲ, ಬೆಣ್ಣೆಯಂತಿತ್ತು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುದ್ದಿ ಕ್ಯಾಂಟೀನಿನ ಉಸ್ತುವಾರಿಯಿದ್ದ ವೆಲ್‌ಫೇರ್ ಆಫೀಸರ್ ಕಿವಿಗೆ ಬಿತ್ತು. ಮುಂದಿನ ತಿಂಗಳು ಬೊಂಬಾಯಿಯಿಂದ ಡೈರೆಕ್ಟರು ಬರುವವರಿದ್ದರು, ತೋರಿಸಲು ಆಫೀಸರಿಗೆ ಏನಾದರೂ ಬೇಕಾಗಿತ್ತು. ಆ ಮಾದರಿ ನೋಡಿ, ದೊಡ್ಡದನ್ನು ಕರೆಂಟಿನಲ್ಲಿ ತಿರುಗುವ ಹಾಗೆ ಹೊರಗೆ ಮಾಡಿಸೋಣ ಎಂದರು. ಚಿಕ್ಕಮುನಿಯಮ್ಮ ಹೇಳಿದ್ದು ಒಂದೇ ಮಾತು: “ತೊಟ್ಟಿ ಮಾತ್ರ ಪಾತ್ರೆ ಸ್ಟೀಲಾಗಿರ್ಲಿ ಸಾರ್. ಇಲ್ದಿದ್ರೆ ಕಲಾಯಿ ಹಾಕಿದ ತಾಮ್ರ.” ಅವರು “ಆಯ್ತಮ್ಮಾ, ಆಯ್ತು” ಎಂದರು.

ಕೆಲಸ ಸಿಕ್ಕಿದ್ದು ಪಾಪಯ್ಯನಿಗೆ. ಹಿಂದಿನ ರಸ್ತೆಯ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ಬೆಸೆಯುವವನು, ನಮ್ಮ ಕಾರ್ಖಾನೆಯ ಗುಜರಿ ಎತ್ತುವವನೂ ಅವನೇ. ಅಡುಗೆ ಪಾತ್ರೆ ಮಾಡಿ ಗೊತ್ತಿಲ್ಲದವನಿಗೆ ಯಾಕೆ ಕೊಟ್ಟರೆಂದು ನರಸಪ್ಪ ಕೇಳಿದ. ಆಫೀಸರು ಅವನಿಗೆ ಮರದ ಕೆಲಸ ನೋಡಿಕೋ ಎಂದರು.

ಯಂತ್ರ ಬಂತು. ಹೊರಗೆಲ್ಲ ಬೆಳ್ಳಿ ಬಣ್ಣ. ಒಳಗೆ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದರು. ಚಿಕ್ಕಮುನಿಯಮ್ಮ ಉಗುರಿನಿಂದ ಕೆರೆದು ನೋಡಿ, “ಇದು ಪಾತ್ರೆ ಸ್ಟೀಲಲ್ಲ” ಎಂದಳು. “ಸ್ಟೀಲಲ್ದೆ ಮತ್ತೇನು, ಮಣ್ಣಾ?” ಎಂದು ಪಾಪಯ್ಯ ಹಲ್ಲು ಕಿಸಿದ. ಅವಳು ನೀರು ತುಂಬಿಸಿ ಕೆಳಗೆ ಬೆಂಕಿ ಹಾಕಿಸಿದಳು. ಎಸರು ಕುದಿಯುತ್ತಿದ್ದಂತೆ ಆವಿಯ ಜೊತೆಗೆ ಒಂದು ಘಾಟು ಎದ್ದಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನೇರವಾಗಿ ನನ್ನ ಸ್ಟೋರಿಗೆ ಬಂದಳು.

“ಸಾರ್, ಕೋರ್ ಶಾಪಿನ ಖಾಲಿ ಪೀಪಾಯಿಗೋಳು ಎಲ್ಲೋಗ್ತವೆ?”

ಎರಕದ ಒಳಗಿನ ಪೊಳ್ಳಿಗೆಂದು ಮರಳನ್ನು ರಾಳದಲ್ಲಿ ಕಲಸಿ ಗಟ್ಟಿ ಮಾಡುವ ಜಾಗ ಕೋರ್ ಶಾಪ್. ಆ ರಾಳ ಕಬ್ಬಿಣದ ಪೀಪಾಯಿಗಳಲ್ಲಿ ಬರುತ್ತಿತ್ತು. ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತಿತ್ತು, ಅಲ್ಲಿಯವರ ಅಂಗೈ ಸಿಪ್ಪೆ ಏಳುತ್ತಿತ್ತು. ನಾನು ಗೇಟ್‌ಪಾಸ್ ಪುಸ್ತಕ ತೆರೆದೆ. ‘ಖಾಲಿ ಪೀಪಾಯಿ ಒಂದು, ಪಾಪಯ್ಯ, ಕ್ಯಾಂಟೀನ್ ಕೆಲಸಕ್ಕೆ’ ಎಂದಿತ್ತು. ಬರಹವೂ ನನ್ನದೇ, ಸಹಿಯೂ ನನ್ನದೇ. ಬರೆಯುವಾಗ ಕ್ಯಾಂಟೀನಿನಲ್ಲಿ ಯಾವ ಕೆಲಸಕ್ಕೆ ಎಂದು ನಾನು ಕೇಳಿರಲಿಲ್ಲ.

ಓದಿ ಹೇಳಿದೆ. ಅವಳು ಮೇಜಿನ ಮೂಲೆಯಲ್ಲಿದ್ದ ನನ್ನ ಊಟದ ಡಬ್ಬಿಯ ಕಡೆ ನೋಡಿದಳು. “ನೀವು ಮನೆಯಿಂದ ಡಬ್ಬಿ ತರ್ತೀರಲ್ಲ ಸಾರ್” ಎಂದು ಹೊರಟುಹೋದಳು.

ವೆಲ್‌ಫೇರ್ ಆಫೀಸರಿಗೆ ವಿಷಯ ಹೊಸದಾಗಿರಲಿಲ್ಲ. “ಪಾಪಯ್ಯ ಬೆಂಕೀಲಿ ಸುಟ್ಟಿದಾನೆ, ಸೋಡಾ ಹಾಕಿ ತೊಳ್ದಿದಾನೆ. ಇನ್ನೂ ನಾಲ್ಕು ಸಲ ಕುದಿಸು, ವಾಸ್ನೆ ಹೋಗುತ್ತೆ. ಗುರುವಾರ ಡೈರೆಕ್ಟರ್ ಬರ್ತಾರೆ, ಈಗ ತಕರಾರು ತೆಗೀಬೇಡ” ಎಂದರು.

ಅವಳು ನಾಲ್ಕಲ್ಲ, ಹನ್ನೆರಡು ಸಲ ಕುದಿಸಿದಳು. ಹುಣಿಸೆಹಣ್ಣು ಹಾಕಿ ಉಜ್ಜಿದಳು. ಘಾಟು ಸ್ವಲ್ಪ ಇಳಿಯಿತೇ ಹೊರತು ಹೋಗಲಿಲ್ಲ. ಬೆಸುಗೆಯ ಸಂದಿಯಲ್ಲಿ ಸೂಜಿ ಹಾಕಿ ಕೆದಕಿದರೆ ಕಪ್ಪನೆಯ ಜಿಗುಟು ಬರುತ್ತಿತ್ತು.

ಗುರುವಾರ ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಪಾಪಯ್ಯನೇ ಗುಂಡಿ ಒತ್ತಿದ. ಯಂತ್ರ ಚೆನ್ನಾಗಿಯೇ ತಿರುಗಿತು. ರೆಕ್ಕೆ, ಪಟ್ಟಿ, ಎಲ್ಲ ಅವಳೂ ನರಸಪ್ಪನೂ ಕಂಡುಹಿಡಿದ ಹಾಗೇ ಇದ್ದವು. ಡೈರೆಕ್ಟರು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ವೆಲ್‌ಫೇರ್ ಆಫೀಸರು ಒಂದು ತುಂಡು ಮುದ್ದೆ ಬಾಯಿಗಿಟ್ಟು ಕಚ ಕಚ ಅಗಿದು, “ಫಸ್ಟ್ ಕ್ಲಾಸ್!” ಎಂದರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಎಲ್ಲರೂ ಆ ಕಡೆ ತಿರುಗಿದಾಗ ಅವರು ಕರವಸ್ತ್ರ ತೆಗೆದು ಬಾಯೊಳಗಿನದನ್ನು ಅದರಲ್ಲಿ ಉಗಿದು, ಮಡಿಸಿ, ಪ್ಯಾಂಟಿನ ಜೇಬಿಗೆ ಸೇರಿಸಿದರು. ಚಿಕ್ಕಮುನಿಯಮ್ಮ ನೋಡಿದಳು. ನಾನೂ ನೋಡಿದೆ.

ಸಾಹೇಬರೆಲ್ಲ ಗೆಸ್ಟ್‌ಹೌಸಿಗೆ ಊಟಕ್ಕೆ ಹೋದರು. ಇಲ್ಲಿ ಸೈರನ್ ಆಯಿತು, ಕೆಲಸಗಾರರು ತಟ್ಟೆ ಹಿಡಿದು ಸಾಲಾಗಿ ನಿಂತರು. ಚಿಕ್ಕಮುನಿಯಮ್ಮ ಮುದ್ದೆಯ ಬುಟ್ಟಿಗಳ ಮುಂದೆ ಬಂದು ನಿಂತಳು.

“ಇವತ್ತಿನ ಇಟ್ಟು ಕೋರ್ ಶಾಪಿನ ರಾಳದ ಪೀಪಾಯ್ನಾಗೆ ಬೆಂದಿರೋದು. ನಾನು ಬಡ್ಸಾಕಿಲ್ಲ. ಅನ್ನ ಇಟ್ಟಿವ್ನಿ, ಅರ್ಧ ಗಂಟೆ ಕಾಯಿರಿ.”

ಕೋರ್ ಶಾಪಿನವರು ಮುಂದೆ ಬಂದು ಮೂಸಿದರು, ತಟ್ಟೆ ಕೆಳಗಿಟ್ಟರು. ಆದರೆ ಹಿಂದಿನ ಸಾಲಿನಿಂದ ಕೂಗಾಟ ಶುರುವಾಯಿತು. ಊಟಕ್ಕೆ ಇದ್ದದ್ದೇ ಅರ್ಧ ಗಂಟೆ. “ಸಾರಲ್ಲಿ ಅದ್ದಿದ್ರೆ ಏನೂ ಗೊತ್ತಾಗಲ್ಲ, ಬಿಡಮ್ಮ ಅತ್ಲಾಗೆ!” ಎಂದು ಒಬ್ಬ ಅವಳನ್ನು ತಳ್ಳಿಕೊಂಡೇ ಬುಟ್ಟಿಗೆ ಕೈ ಹಾಕಿದ. ಅವನ ಹಿಂದೆ ಇನ್ನೂ ಇಪ್ಪತ್ತು ಮಂದಿ. ನಿಂತೇ ನುಂಗಿದರು. ಒಬ್ಬನಂತೂ ಅವಳ ಮುಖ ನೋಡಿಕೊಂಡೇ ಇನ್ನೊಂದು ತೆಗೆದುಕೊಂಡ. ಅವಳು ಹಿಂದಿನ ನಲ್ಲಿಗೆ ಓಡಿಹೋಗಿ ಕಕ್ಕಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಬರೀ ನೀರು ಬಂತು. ಸಂಜೆಯೊಳಗೆ ಉಂಡವರಲ್ಲಿ ಏಳೆಂಟು ಜನ ಅದೇ ನಲ್ಲಿಯ ಹತ್ತಿರ ಹೊಟ್ಟೆ ಹಿಡಿದು ಕೂತಿದ್ದರು.

ವಿಚಾರಣೆ ನಡೆಯಿತು. ಅಡುಗೆಯವಳು ಯಂತ್ರವನ್ನು ಸರಿಯಾಗಿ ತೊಳೆದಿರಲಿಲ್ಲ ಎಂದು ಬರೆದರು. ಗೇಟ್‌ಪಾಸ್ ಪುಸ್ತಕವನ್ನು ಆಫೀಸರು ತರಿಸಿಕೊಂಡರು. ಎರಡು ದಿನ ಬಿಟ್ಟು ಅದು ವಾಪಸು ಬಂದಾಗ ಆ ಹಾಳೆ ಇರಲಿಲ್ಲ. ಮೊಳೆ ಕೇಳಲು ಬಂದಿದ್ದ ನರಸಪ್ಪನೂ ಅದನ್ನು ನೋಡಿದ. ನಾನು ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ಆ ವಾರ ನನಗೆ ಊಟ ಸೇರಲಿಲ್ಲ. ಅದರಿಂದ ಅವಳಿಗೇನೂ ಉಪಕಾರವಾಗಲಿಲ್ಲ.

ಮುದ್ದೆಯಿಂದಲೇ ಗಲಾಟೆ ಎಂದು ಕ್ಯಾಂಟೀನಿನಲ್ಲಿ ಮುದ್ದೆಯನ್ನೇ ನಿಲ್ಲಿಸಿದರು. ಅಂದು ಕೈ ಹಾಕಿ ತಿಂದವರೇ “ಇವಳಿಂದ ಇಟ್ಟಿಗೂ ಗತಿ ಇಲ್ದಂಗಾಯ್ತು” ಎಂದು ಅವಳಿಗೆ ಕೇಳುವಂತೆ ಆಡಿಕೊಂಡರು. ಅವಳು ತಿಂಗಳು ತುಂಬುವವರೆಗೆ ಅನ್ನದ ಪಾತ್ರೆ ತಿಕ್ಕಿದಳು. ಆಮೇಲೆ ಬರಲಿಲ್ಲ.

ನರಸಪ್ಪ ಚೊಕ್ಕಸಂದ್ರಕ್ಕೆ ಹೋಗಿ, ತಾಮ್ರದ ತೊಟ್ಟಿ ಹುಡುಕಿ ತಾನೇ ಒಂದು ಮಾಡಿಕೊಡುತ್ತೇನೆ, ಇಬ್ಬರೂ ಸೇರಿ ಬೇರೆ ಕ್ಯಾಂಟೀನಿನವರಿಗೆ ತೋರಿಸೋಣ ಎಂದನಂತೆ. “ಬ್ಯಾಡ ಅಣ್ಣ. ನೀನು ಮಾಡಿದ್ದು ಚೆಂದಾಗಿತ್ತು. ಆದ್ರೆ ಅದರ ಸುದ್ದಿ ಎತ್ತಿದ್ರೇ ನಂಗೆ ಒಟ್ಟೆ ತೊಳಸ್ತದೆ” ಎಂದಳಂತೆ ಅವಳು.

ನಾಲ್ಕು ವರ್ಷದ ಮೇಲೆ ದಾಸರಹಳ್ಳಿಯಲ್ಲಿ ಬಸ್ಸಿಳಿದಾಗ ಅವಳನ್ನು ನೋಡಿದೆ. ರಸ್ತೆ ಬದಿಯಲ್ಲಿ ಸೊಪ್ಪು ಹರಡಿಕೊಂಡು ಕೂತಿದ್ದಳು. ಎಡಗೈಯಲ್ಲೇ ನೀರು ಚಿಮುಕಿಸುತ್ತಿದ್ದಳು. ನಾನು ಮುಂದೆ ಕುಕ್ಕರುಗಾಲಲ್ಲಿ ಕೂತು, “ಚಿಕ್ಕಮುನಿಯಮ್ಮ, ಅವತ್ತು ಆ ಪುಸ್ತಕದ ಹಾಳೆ...” ಎಂದು ಶುರು ಮಾಡಿದೆ.

“ಗೊತ್ತು ಸಾರ್. ನರಸಪ್ಪಣ್ಣ ಯೇಳಿದ್ರು” ಎಂದಳು. ಮುಖ ಎತ್ತಲಿಲ್ಲ. “ಎಷ್ಟು ಕಟ್ಟು ಕೊಡ್ಲಿ?”

ಎರಡು ಎಂದೆ. ಕೊಟ್ಟಳು.