ಒಲೆ ಮುಂದಿನ ಮೊದಲ ತಾಟು

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ ಅಕ್ಕಾರಿಗೆ ಸಕ್ಕರೆ ಕಾಯಿಲೆ ಇತ್ತು. ಅನ್ನ ಬಿಟ್ಟು, ಕೆರೆ ದಂಡೆಯ ಮೇಲೆ ದಿನಾ ನಡೆದು ಮೈ ಇಳಿಸಿದ್ದರು. ರೊಟ್ಟಿ ಬಡಿಯುವಾಗ ಸಡಿಲಾದ ಬಳೆಗಳು ಹಿಟ್ಟಿನ ತನಕ ಜಾರುತ್ತಿದ್ದವು, ಅವನ್ನು ಮೇಲೆ ಸರಿಸಿ ಮತ್ತೆ ಬಡಿಯುತ್ತಿದ್ದರು. "ಇಷ್ಟ್ಯಾಕ ತ್ರಾಸ ತಗೋತೀರಿ?" ಎಂದರೆ ಒಂದೇ ಉತ್ತರ: "ಬಿಡೂ ಮಾತಿಲ್ಲ."

ಮೈ ಇಳಿದರೂ ಇನ್ಸುಲಿನ್ ಮಾತ್ರ ಮೊದಲಿನಷ್ಟೇ ಚುಚ್ಚಿಕೊಳ್ಳುತ್ತಿದ್ದರು. ಅದೂ ಲಿಂಗಪೂಜೆಗೆ ಕೂಡುವ ಮೊದಲು. ಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ.

ದಿನಾ ಅಲ್ಲೇ ಉಣ್ಣುತ್ತಿದ್ದ ನಾನು ಒಂದು ಮುಂಜಾನೆ ಹೋದಾಗ ಲಿಂಗ ಹಿಡಿದ ಅವರ ಅಂಗೈ ಗಡಗಡ ನಡುಗುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಸಕ್ಕರೆ ತೀರಾ ಇಳಿದಿದೆ ಎಂದು ಗಾಬರಿಯಾಗಿ ಬೆಲ್ಲದ ತುಂಡನ್ನು ಬಾಯಿಯ ಹತ್ತಿರ ಹಿಡಿದೆ. ತುಟಿ ಬಿಗಿದರು. ಆಮೇಲೆ ಬೆಲ್ಲ ಕಸಿದುಕೊಂಡು, ಲಿಂಗಕ್ಕೆ ತೋರಿಸಿ, ಪ್ರಸಾದವೆಂದು ಬಾಯಿಗೆ ಹಾಕಿಕೊಂಡರು.

ಡಾಕ್ಟರು ಇನ್ಸುಲಿನ್ ಕಡಿಮೆ ಮಾಡಿದರು. "ಪೂಜಾ ಬಿಡೂ ಮಾತಿಲ್ಲ ನೋಡ್ರಿ," ಎಂದರು ಅಕ್ಕಾರು.

"ಯಾರ ಬಿಡ ಅಂದ್ರು? ಪೂಜಾ ಮುಗಿಸಿ ಸೂಜಿ ತಗೋರಿ. ತಗೊಂಡ ಕೂಡ್ಲೆ ಉಣ್ರಿ," ಎಂದರು ಡಾಕ್ಟರು.

ಗಿರಾಕಿಗಳೆಲ್ಲ ಉಂಡ ಮೇಲೆ ಉಣ್ಣುವುದು ಅವರ ರೂಢಿ. ಮರುದಿನ ಪೂಜೆ ಮುಗಿಸಿ, ಸೂಜಿ ಚುಚ್ಚಿಕೊಂಡು, ಕಾದು ಕುಳಿತವರ ಎದುರೇ ತಾಟಿಗೆ ಬಿಸಿ ರೊಟ್ಟಿ ಹಾಕಿಕೊಂಡು ಒಲೆ ಮುಂದೆ ಕುಂತರು.

"ಅಕ್ಕಾರ, ಬಸ್ಸಿನ ಹೊತ್ತಾತು," ಎಂದರು ಹಿರಿಯರೊಬ್ಬರು.

ಅಕ್ಕಾರು ಬಳೆ ಮೇಲೆ ಸರಿಸಿ ರೊಟ್ಟಿ ಮುರಿದರು. "ಬಸ್ ಇನ್ನೊಂದು ಬರ್ತೈತ್ರಿ. ಮೊದಲ ನಂದು ಆಗ್ಲಿ, ಕುಂತಿರ್ರಿ."